ಮತ್ತೆ ನೋಡಿದ ನಗೆಚಿತ್ರ

ಬಾಲ್ಯದಲ್ಲಿ ನಗಿಸಿದ ಕಥೆ ಪ್ರಾಯ ಬಂದ ಮೇಲೆಯೂ ಅದೇ ಕಥೆಯಾಗಿರುತ್ತದೆ. ಬದಲಾಗುವುದು ನೋಡುವ ಕಣ್ಣು. ಇದಕ್ಕೆ ನಿದರ್ಶನವಾಗಿ ಅಮೆರಿಕದ ‘ಹೋಮ್ ಅಲೋನ್’ ಎಂಬ ಹಾಸ್ಯಚಿತ್ರವನ್ನು ನೋಡಬಹುದು. ಜಾನ್ ಹ್ಯೂಸ್ ಅವರು ಬರೆದು, ಕ್ರಿಸ್ ಕೊಲಂಬಸ್ ಅವರು ನಿರ್ದೇಶಿಸಿದ ಈ ಚಿತ್ರ 1990ರಲ್ಲಿ ತೆರೆಕಂಡಿತು. ಕ್ರಿಸ್‌ಮಸ್ ರಜೆಯಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಇದನ್ನು ನೋಡುವುದು ಆ ನಾಡಿನ ಅನೇಕ ಕುಟುಂಬಗಳ ವಾಡಿಕೆ. ಅಂದು ಮಕ್ಕಳಾಗಿ ನೋಡಿದವರು ಇಂದು ತಮ್ಮ ಮಕ್ಕಳೊಡನೆ ನೋಡುತ್ತಿದ್ದಾರೆ.

ಕಥೆ ಸರಳವಾದುದು. ಷಿಕಾಗೋ ನಗರದ ಹೊರವಲಯದ ದೊಡ್ಡ ಮನೆ. ಬಂಧುಗಳೂ ಸೇರಿ ಹದಿನೈದು ಮಂದಿ ಪ್ಯಾರಿಸ್ಸಿಗೆ ಹೊರಟಿದ್ದಾರೆ. ಹಿಂದಿನ ರಾತ್ರಿ ಊಟದ ವೇಳೆ ಜಗಳವಾಗಿ, ಎಂಟು ವರ್ಷದ ಕೆವಿನ್ ಅಟ್ಟದ ಕೋಣೆಗೆ ದೂಡಲ್ಪಡುತ್ತಾನೆ. ಮನೆಯವರೆಲ್ಲ ಇಲ್ಲವಾಗಲಿ ಎಂದು ಅವನು ಸಿಟ್ಟಿನಿಂದ ಹಾರೈಸುತ್ತಾನೆ. ಆ ರಾತ್ರಿ ವಿದ್ಯುತ್ ಕೈಕೊಟ್ಟು ಅಲಾರಾಂ ಮೊಳಗುವುದಿಲ್ಲ. ಬೆಳಗಿನ ಅವಸರದಲ್ಲಿ ನೆರೆಮನೆಯ ಹುಡುಗನೊಬ್ಬನ ತಲೆಯೂ ಎಣಿಕೆಗೆ ಸೇರಿಬಿಡುತ್ತದೆ. ಲೆಕ್ಕ ಸರಿಯಾಯಿತು, ಮಗು ಮಾತ್ರ ಉಳಿದುಹೋಯಿತು.

ಮಕ್ಕಳು ನೋಡುವುದು ಆ ಹುಡುಗ ಇಬ್ಬರು ಕಳ್ಳರನ್ನು ಹಣ್ಣುಗಾಯಿ ಮಾಡುವ ಚಾತುರ್ಯವನ್ನು. ಕಾದ ಬಾಗಿಲ ಹಿಡಿ, ತೂಗಿ ಬಂದು ಬಡಿಯುವ ಬಣ್ಣದ ಡಬ್ಬಿ ಅವರಿಗೆ ಬಿದ್ದು ಬಿದ್ದು ನಗುವ ವಸ್ತು. ಹಿರಿಯರಿಗೋ ನಗುವಿನ ನಡುವೆಯೇ ಮೈ ಜುಮ್ಮೆನ್ನುತ್ತದೆ. ಇವೆಲ್ಲ ನುರಿತ ಸಾಹಸ ಕಲಾವಿದರ ಕೆಲಸವೆಂದು ಪಕ್ಕದಲ್ಲಿರುವ ಮಕ್ಕಳಿಗೆ ತಿಳಿಹೇಳುವುದು ಒಳ್ಳೆಯದು.

ಆದರೆ ಪ್ರಾಯದವರ ಮನಸ್ಸು ನಿಲ್ಲುವುದು ಬೇರೆಡೆಯಲ್ಲಿ. ವಿಮಾನವು ಮುಗಿಲಲ್ಲಿದ್ದಾಗ ತಾಯಿಗೆ ಮಗನ ನೆನಪಾಗುತ್ತದೆ. ಮುಂದೆ ಅವಳು ನಿಲ್ದಾಣದಿಂದ ನಿಲ್ದಾಣಕ್ಕೆ ಅಲೆದು, ಅಂಗಲಾಚಿ, ಕೊನೆಗೆ ಅಪರಿಚಿತ ವಾದ್ಯಗಾರರ ವಾಹನವೇರಿ ಮನೆ ಸೇರುತ್ತಾಳೆ. ಬಾಲ್ಯದಲ್ಲಿ ಈ ಭಾಗ ಬೇಗ ಮುಗಿದರೆ ಸಾಕೆನಿಸಿದ್ದಿತು. ಹೆತ್ತವರಾದ ಮೇಲೆ ಚಿತ್ರದ ಜೀವವೇ ಅದೆಂದು ತೋರುತ್ತದೆ.

ಇನ್ನೊಬ್ಬನು ನೆರೆಮನೆಯ ವೃದ್ಧ ಮಾರ್ಲಿ. ಮಕ್ಕಳು ಅವನನ್ನು ಕೊಲೆಗಾರನೆಂದೇ ನಂಬಿ ನಡುಗುತ್ತಾರೆ. ವಾಸ್ತವದಲ್ಲಿ ಅವನು ಎಂದೋ ಮಗನೊಡನೆ ಮುನಿದು ದೂರವಾದ ತಂದೆ. ಮೊಮ್ಮಗಳ ಹಾಡನ್ನು ಕೇಳಲೆಂದು ಚರ್ಚಿನಲ್ಲಿ ದೂರ ಕುಳಿತಿದ್ದಾನೆ. ಮಗನಿಗೆ ಫೋನು ಮಾಡೆಂದು ಅವನಿಗೆ ಬುದ್ಧಿ ಹೇಳುವವನು ಅದೇ ಎಂಟು ವರ್ಷದ ಬಾಲಕ. ಮಗನು ಮಾತನಾಡದಿದ್ದರೆ ಎಂಬ ಅಂಜಿಕೆ ಮುದುಕನದು. ಕೊನೆಯಲ್ಲಿ ಕೆವಿನ್ ತನ್ನ ಮನೆಯ ಕಿಟಕಿಯಿಂದ ಕಾಣುವುದು ಹಿಮದಲ್ಲಿ ಮೊಮ್ಮಗಳನ್ನು ಅಪ್ಪಿಕೊಂಡ ಆ ಅಜ್ಜನನ್ನು.

ಹೀಗಾಗಿ ಈ ಚಿತ್ರ ಕಳ್ಳರ ಕಥೆಗಿಂತ ಮಿಗಿಲಾಗಿ, ಸಿಟ್ಟಿನ ಒಂದು ಮಾತಿನಿಂದ ಅಗಲಿದವರ ಕಥೆ ಎಂದು ನಾವು ಭಾವಿಸುತ್ತೇವೆ. ತುಂಬಿದ ಮನೆಯಲ್ಲಿಯೂ ಒಬ್ಬರು ಒಂಟಿಯಾಗಬಹುದು. ನಮ್ಮ ಊರುಗಳಲ್ಲಿಯೂ ಹೊಲದ ಬದುವಿಗೋ, ಮದುವೆಯ ಮಾತಿಗೋ ಮುನಿದು, ಒಂದೇ ಓಣಿಯಲ್ಲಿದ್ದೂ ವರ್ಷಗಟ್ಟಲೆ ಮಾತುಬಿಟ್ಟ ತಂದೆಮಕ್ಕಳಿಲ್ಲವೆ? ಮೊದಲು ಮಾತನಾಡಿಸಬೇಕಾದವರು ಯಾರೆಂಬ ಲೆಕ್ಕದಲ್ಲಿಯೇ ಆಯುಷ್ಯ ಸವೆಯುತ್ತದೆ. ಹಿರಿಯರೇ ಮೊದಲಾದರೆ ಅವರ ಹಿರಿತನಕ್ಕೆ ಕುಂದಿಲ್ಲ.

ಈ ರಜೆಯಲ್ಲಿ ಮೊಮ್ಮಕ್ಕಳೊಡನೆ ಕುಳಿತು ಇಂತಹ ಚಿತ್ರವೊಂದನ್ನು ನೋಡಿರಿ. ಮಕ್ಕಳು ನಗಲಿ. ನೀವೂ ನಕ್ಕು, ಅದು ಮುಗಿದ ಮೇಲೆ, ಬಹುದಿನದಿಂದ ಮಾತು ನಿಂತಿರುವವರು ಯಾರಾದರೂ ಇದ್ದರೆ ಅವರಿಗೊಂದು ಫೋನು ಮಾಡಿರಿ.