ಕಾಯಕಕ್ಕೆ ಸಂಸ್ಕೃತದ ಮುದ್ರೆ ಬೇಕೆ?



ಸಂಸ್ಥೆಯ ಲಾಂಛನಕ್ಕೊಂದು ಧ್ಯೇಯವಾಕ್ಯ ಬೇಕಾದಾಗ, ಆಮಂತ್ರಣ ಪತ್ರಿಕೆಗೊಂದು ನುಡಿ ಬೇಕಾದಾಗ, ಇಂಗ್ಲಿಷಿನ ಚಿಕ್ಕ ಮಾತೊಂದನ್ನು ಆರಿಸಿ ಸಂಸ್ಕೃತಕ್ಕೆ ತಿರುಗಿಸುವ ರೂಢಿ ಬೆಳೆದಿದೆ. 2022ರಲ್ಲಿ ಗೂಗಲ್ ತನ್ನ ಅನುವಾದ ಸೌಲಭ್ಯಕ್ಕೆ ಸಂಸ್ಕೃತವನ್ನು ಸೇರಿಸಿದ ಮೇಲಂತೂ ಇದು ಕ್ಷಣಮಾತ್ರದ ಕೆಲಸವಾಗಿದೆ. ಆದರೆ ಮಾತು ಚಿಕ್ಕದಾದಷ್ಟೂ ಅನುವಾದ ಕಠಿಣ. ಅರ್ಥವನ್ನು ತಿಳಿಯಪಡಿಸುವ ಹಿಂದುಮುಂದಿನ ಮಾತುಗಳು ಅಲ್ಲಿರುವುದಿಲ್ಲ.

‘ಬಿ ಬ್ರೇವ್’ ಎಂಬ ಎರಡು ಪದಗಳನ್ನೇ ನೋಡೋಣ. ಯಾರಿಗೆ ಹೇಳಿದ ಮಾತು, ಎಷ್ಟು ಜನರಿಗೆ ಎಂಬುದನ್ನು ಇಂಗ್ಲಿಷ್ ಹೇಳುವುದಿಲ್ಲ. ಸಂಸ್ಕೃತ ಹೇಳದೆ ಬಿಡುವುದಿಲ್ಲ. ಪುರುಷನಿಗಾದರೆ ‘ಧೀರೋ ಭವ’, ಸ್ತ್ರೀಗಾದರೆ ‘ಧೀರಾ ಭವ’, ಇಬ್ಬರು ಪುರುಷರಿಗಾದರೆ ‘ಧೀರೌ ಭವತಮ್’. ಮೂರು ಲಿಂಗ, ಮೂರು ವಚನಗಳುಳ್ಳ ಭಾಷೆಗೆ ಲಿಂಗವಚನಗಳ ಸುಳಿವಿಲ್ಲದ ಮಾತನ್ನು ಕೊಟ್ಟರೆ ಬರುವ ಉತ್ತರ ಊಹೆಯಾಗುತ್ತದೆ. ರಾಷ್ಟ್ರಲಾಂಛನದ ಕೆಳಗಿನ ವಾಕ್ಯ ಮುಂಡಕೋಪನಿಷತ್ತಿನದು; ಭಾರತೀಯ ಜೀವ ವಿಮಾ ನಿಗಮದ ಧ್ಯೇಯವಾಕ್ಯ ಭಗವದ್ಗೀತೆಯದು. ಅವು ಅನುವಾದಗಳಲ್ಲ, ಸಂಸ್ಕೃತದಲ್ಲಿಯೇ ಹುಟ್ಟಿದ ಮಾತುಗಳು. ಅವುಗಳ ಬಿಗಿ ಬಂದಿರುವುದು ಅಲ್ಲಿಂದ.

ಶರಣಧರ್ಮದ ನುಡಿಗಳಿಗೂ ಇದೇ ಗತಿ ಬಂದಾಗ ಸುಮ್ಮನಿರುವುದು ಸಲ್ಲದು. ಕಾಯಕತತ್ತ್ವವನ್ನು ಇಂಗ್ಲಿಷಿನಲ್ಲಿ ‘ವರ್ಕ್ ಈಸ್ ವರ್ಶಿಪ್’ ಎಂದು ವಿವರಿಸುವುದುಂಟು. ಆ ಇಂಗ್ಲಿಷನ್ನು ಮತ್ತೆ ಸಂಸ್ಕೃತಕ್ಕೆ ತಂದರೆ ‘ಕರ್ಮೈವ ಪೂಜಾ’ ಎಂಬಂಥ ವಾಕ್ಯವಾಗುತ್ತದೆ. ವ್ಯಾಕರಣದಲ್ಲಿ ದೋಷವಿಲ್ಲ, ಹಾನಿಯಾಗುವುದು ಅರ್ಥಕ್ಕೆ. ‘ಕರ್ಮ’ವೆಂದೊಡನೆ ಯಜ್ಞಾದಿ ವಿಧಿಗಳೂ ಜನ್ಮಾಂತರದ ಫಲವೂ ಜೊತೆಗೆ ಬರುತ್ತವೆ. ಕಾಯಕವಾದರೋ ಮೈಮುರಿದು ಮಾಡುವ ಸತ್ಯಶುದ್ಧ ದುಡಿಮೆ. ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಹೇಳಿದವರು ಆಯ್ದಕ್ಕಿ ಲಕ್ಕಮ್ಮ ತಾಯಿ. ಆ ಮಿತಿಯ ಅರಿವು ‘ಕರ್ಮ’ದಲ್ಲಿಯೂ ಇಲ್ಲ, ‘ವರ್ಕ್’ನಲ್ಲಿಯೂ ಇಲ್ಲ.

ಹಾಗೆಂದು ಶರಣರು ಸಂಸ್ಕೃತವನ್ನು ದೂರವಿಟ್ಟವರಲ್ಲ. ‘ಕಾಯ’ ಸಂಸ್ಕೃತದ ಪದವೇ. ‘ದಾಸೋಹ’ವಂತೂ ಒಂದು ಪೂರ್ಣ ಸಂಸ್ಕೃತ ವಾಕ್ಯದಿಂದ ಬಂದುದು: ‘ದಾಸಃ ಅಹಮ್’, ನಾನು ದಾಸ. ಸಂಸ್ಕೃತದಲ್ಲಿ ಅದು ಒಬ್ಬ ಪುರುಷನು ಮಾತ್ರ ಆಡಬಹುದಾದ ಮಾತು. ಸ್ತ್ರೀಯಾದರೆ ‘ದಾಸ್ಯಹಮ್’ ಎನ್ನಬೇಕು. ಕನ್ನಡಕ್ಕೆ ಬಂದಾಗ ಆ ಭೇದ ಅಳಿಯಿತು. ‘ನಾನು’ ಎಂಬುದು ಕರಗಿ, ಗಂಡುಹೆಣ್ಣೆನ್ನದೆ ಎಲ್ಲರೂ ಮಾಡುವ ಕ್ರಿಯೆಯೊಂದರ ಹೆಸರಾಯಿತು. ಅನುವಾದವೆಂದರೆ ಇದು. ಪದವನ್ನು ತಂದವರು ಅದನ್ನು ಬಾಳಿ ತೋರಿಸಿದ್ದರಿಂದ ಅರ್ಥ ಹಿರಿದಾಯಿತು. ಇಂಥ ದಾಸೋಹವನ್ನು ‘ಸರ್ವೀಸ್’ ಎಂದು ಇಳಿಸಿ, ಅದನ್ನು ‘ಸೇವಾ’ ಎಂದು ಮತ್ತೆ ಏರಿಸಿದರೆ ಉಳಿಯುವುದು ಸಿಪ್ಪೆ ಮಾತ್ರ.

ಸಂಸ್ಕೃತದಲ್ಲಿದ್ದರೆ ಮಾತಿಗೆ ಘನತೆ ಬರುತ್ತದೆಂಬ ಭಾವನೆಯೇ ಇದೆಲ್ಲದರ ಮೂಲ. 12ನೆಯ ಶತಮಾನದ ಶರಣರು ಈ ಭಾವನೆಯನ್ನು ಒಪ್ಪಲಿಲ್ಲ. ಅನುಭಾವದ ಗಹನ ವಿಚಾರಗಳನ್ನು ಎಲ್ಲರೂ ಆಡುವ ಕನ್ನಡದಲ್ಲಿಯೇ ನುಡಿದರು. ಸಂಸ್ಕೃತದ ಧ್ಯೇಯವಾಕ್ಯವೇ ಬೇಕೆಂಬವರು ಭಾಷೆ ಬಲ್ಲವರ ಬಳಿ ಹೋಗಿ, ಯಾರಿಗಾಗಿ, ಯಾವ ಅರ್ಥದಲ್ಲಿ ಎಂಬುದನ್ನು ಮೊದಲು ತಿಳಿಸಲಿ. ಆದರೆ ಕಾಯಕ, ದಾಸೋಹ, ಅನುಭಾವಗಳನ್ನು ಸಾರಬೇಕಾದಲ್ಲಿ ಕನ್ನಡವೇ ಮೂಲ. ವಿದೇಶದಲ್ಲಿ ಬೆಳೆಯುತ್ತಿರುವ ಭಕ್ತರ ಮಕ್ಕಳಿಗೂ ಆ ಮೂರು ಪದಗಳನ್ನು ಹಾಗೆಯೇ ಕಲಿಸುವುದು ಲೇಸು. ಅರ್ಥ ಕೇಳಿದರೆ ವಿವರಿಸಬಹುದು. ಪದವೇ ಕಳೆದುಹೋದರೆ ಕೇಳುವವರೂ ಇರುವುದಿಲ್ಲ.