ಹೊತ್ತು ಮುಳುಗುವ ಮೊದಲು

ಮಾಲೇಕಲ್ಲು ಬೆಟ್ಟದ ತಪ್ಪಲಲ್ಲಿ ಮಾರ್ಗಶಿರದ ಒಂದು ರಾತ್ರಿಯನ್ನು ಕಳೆದವರಿಗೆ ಕಂಬಳಿಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಸೀಕೆರೆ ಸೀಮೆಯ ಕುರಿಗಾಹಿಗೆ ಅದು ಮಳೆಯಲ್ಲಿ ಕೊಪ್ಪೆ, ಇರುಳಿನಲ್ಲಿ ಹಾಸಿಗೆ ಮತ್ತು ಹೊದಿಕೆ, ನೆಂಟರು ಬಂದರೆ ಅವರನ್ನು ಕೂರಿಸುವ ಆಸನ. ಆದುದರಿಂದಲೇ ವಿಮೋಚನಕಾಂಡದ ಇಪ್ಪತ್ತೆರಡನೆಯ ಅಧ್ಯಾಯದ ಕಟ್ಟಳೆಯೊಂದು ಸೀನಾಯಿಯಷ್ಟು ದೂರದ್ದೆಂದು ನನಗೆ ಎಂದೂ ತೋರಿಲ್ಲ. ಬಡವನ ಹೊದಿಕೆಯನ್ನು ಒತ್ತೆಯಾಗಿ ಇಟ್ಟುಕೊಂಡವನು ಹೊತ್ತು ಮುಳುಗುವುದರೊಳಗೆ ಅದನ್ನು ಮರಳಿಸಬೇಕು ಎಂಬುದು ಆ ಕಟ್ಟಳೆ. ಅದಕ್ಕೆ ಕೊಡಲಾದ ಕಾರಣ ದೇವಶಾಸ್ತ್ರದ ಗಹನ ಸೂತ್ರವೇನೂ ಅಲ್ಲ. ಆ ಬಡವನಿಗೆ ಮೈಮೇಲೆ ಎಳೆದುಕೊಳ್ಳಲು ಬೇರೆ ಬಟ್ಟೆಯಿಲ್ಲ, ಅಷ್ಟೆ. ಚಳಿಯಲ್ಲಿ ಅವನು ಮೊರೆಯಿಟ್ಟರೆ ತಾವು ಕಿವಿಗೊಡುವುದಾಗಿ ಸರ್ವೇಶ್ವರ ಎಚ್ಚರಿಸುತ್ತಾರೆ.

2023ರ ಅಕ್ಟೋಬರ್ 29, ಸಾಧಾರಣ ಕಾಲದ ಮೂವತ್ತನೆಯ ಭಾನುವಾರ. ಆ ದಿನದ ಮೊದಲನೆಯ ವಾಚನ ಇದೇ ಆಗಿತ್ತು. ಓದುವ ಸರದಿ ನನ್ನದಾಗಿತ್ತು. ನಾನು ಓದಿದೆ, ಸಭೆ ದೇವರಿಗೆ ಕೃತಜ್ಞತೆ ಸಲ್ಲಿಸಿತು. ಶುಭಸಂದೇಶ ಸಂತ ಮತ್ತಾಯನದು: ದೇವಪ್ರೀತಿ, ಪರಪ್ರೀತಿಗಳೆಂಬ ಎರಡು ಶ್ರೇಷ್ಠ ಆಜ್ಞೆಗಳ ಪ್ರಸಂಗ. ಪ್ರಬೋಧನೆಯಲ್ಲಿ ಪ್ರೀತಿ ಎಂಬ ಪದ ಎಷ್ಟು ಬಾರಿ ಬಂದಿತೋ ಲೆಕ್ಕವಿಡಲಿಲ್ಲ. ಒತ್ತೆಯ ಹೊದಿಕೆಯ ಮಾತು ಒಮ್ಮೆಯೂ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಮೊಣಕಾಲೂರಿದ್ದ ಹೆಣ್ಣುಮಗಳೊಬ್ಬಳು ಸಂಘದ ಸಾಲದ ವಾರದ ಕಂತಿಗಾಗಿ ತನ್ನ ಹೊಲಿಗೆ ಯಂತ್ರವನ್ನು ಮಾರಿದ್ದಳೆಂಬುದು ಪೂಜೆ ಮುಗಿದ ಮೇಲೆ ನನಗೆ ತಿಳಿಯಿತು. ವಸೂಲಿಗೆ ಬಂದವರು ಇಡೀ ಮಧ್ಯಾಹ್ನ ಅವಳ ಜಗಲಿಯ ಮೇಲೆ ಕುಳಿತಿದ್ದರಂತೆ. ದೇವರ ವಾಕ್ಯ ಅವಳ ಹೆಸರು ಹಿಡಿದು ಕರೆದಂತೆ ಆ ಬೆಳಿಗ್ಗೆ ಓದಲ್ಪಟ್ಟಿತ್ತು. ಅದನ್ನು ಅವಳಿಗೆ ತಲುಪಿಸುವವರು ಯಾರೂ ಇರಲಿಲ್ಲ. ಓದಿದ ನಾನೂ ಅರ್ಥ ತಿಳಿದು ಓದಿರಲಿಲ್ಲ ಎಂಬುದನ್ನು ಮೊದಲು ಒಪ್ಪಿಕೊಂಡು ಮುಂದಿನ ಮಾತು ಬರೆಯುತ್ತಿದ್ದೇನೆ.

ಹಳೆಯ ಒಡಂಬಡಿಕೆಯ ಮೊದಲ ಐದು ಗ್ರಂಥಗಳನ್ನು ನಾವು ಗೌರವದಿಂದ ಕೈಬಿಟ್ಟಿದ್ದೇವೆ ಎಂಬುದೇ ನನ್ನ ಆಕ್ಷೇಪ. ಎರಡನೆಯ ಶತಮಾನದಲ್ಲಿ ಮಾರ್ಸಿಯೋನನೆಂಬವನು ಯೆಹೂದ್ಯರ ಗ್ರಂಥಗಳು ಕ್ರೈಸ್ತರಿಗೆ ಬೇಡವೆಂದು ವಾದಿಸಿದ. ರೋಮಿನ ಧರ್ಮಸಭೆ 144ರಲ್ಲಿ ಅವನನ್ನು ಹೊರಗಟ್ಟಿತು. ಅವನು ಪ್ರಾಮಾಣಿಕನಾಗಿದ್ದ, ಬೇಡವಾದುದನ್ನು ಬೇಡವೆಂದೇ ಹೇಳಿದ. ನಾವಾದರೋ ಓದುತ್ತೇವೆ, ಆದರೆ ಕೇಳಿಸಿಕೊಳ್ಳುವುದಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹಳೆಯ ಒಡಂಬಡಿಕೆಯ ಗ್ರಂಥಗಳಿಗೆ ಶಾಶ್ವತ ಮೌಲ್ಯವಿದೆಯೆಂದು ಸಾರಿತು. ಅದರ ಫಲವಾಗಿ 1969ರಲ್ಲಿ ಮೂರು ವರ್ಷಗಳ ವಾಚನಚಕ್ರ ರೂಪುಗೊಂಡು, ಅಲ್ಲಿಯವರೆಗೆ ಭಾನುವಾರದ ಪೂಜೆಯಲ್ಲಿ ಹೆಚ್ಚುಕಡಿಮೆ ಕೇಳಿಬರದಿದ್ದ ಮೋಶೆ ಮತ್ತು ಪ್ರವಾದಿಗಳ ದನಿ ನಮ್ಮ ದೇವಾಲಯಗಳಿಗೆ ಮರಳಿತು. ಆ ಚಕ್ರವೂ ಕೃಪಣವೇ. ಸಾಧಾರಣ ಕಾಲದ ಭಾನುವಾರಗಳಲ್ಲಿ ಯಾಜಕಕಾಂಡದಿಂದ ನಮಗೆ ದಕ್ಕುವುದು ಮೂರು ವರ್ಷಕ್ಕೆ ಎರಡೇ ತುಣುಕು. ದಕ್ಕಿದ ಅಷ್ಟನ್ನೂ ಶುಭಸಂದೇಶದ ಮುನ್ನುಡಿಯೆಂಬಂತೆ ದಾಟಿಬಿಡುತ್ತೇವೆ.

ಯೆಹೂದ್ಯರ ಪದ್ಧತಿಯನ್ನು ನೋಡಿ. ಅವರು ತೋರಾವನ್ನು, ಎಂದರೆ ಇದೇ ಪಂಚಗ್ರಂಥಗಳನ್ನು, 54 ಭಾಗಗಳಾಗಿ ಮಾಡಿ ವಾರವಾರದ ಸಬ್ಬತ್ ದಿನ ಓದಿ ವರ್ಷಕ್ಕೊಮ್ಮೆ ಪೂರೈಸುತ್ತಾರೆ. ಪೂರೈಸಿದ ದಿನವೇ ಆದಿಕಾಂಡದ ಮೊದಲ ಸಾಲಿನಿಂದ ಮತ್ತೆ ಆರಂಭ. ಬೇಸರ ತರಿಸುವ ವಂಶಾವಳಿಯೂ, ಕುಷ್ಠದ ವಿಧಿಯೂ, ಗುಡಾರದ ಅಳತೆಯೂ ಬಿಟ್ಟುಹೋಗುವುದಿಲ್ಲ. ಕೇವಲ ಓದುವುದಾಗಿದ್ದರೆ ಅದನ್ನು ಇಲ್ಲಿ ಎತ್ತುತ್ತಿರಲಿಲ್ಲ. ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಮಿಶ್ನಾ ಗ್ರಂಥದಲ್ಲಿ ಅವರ ಗುರುಗಳು ಒತ್ತೆಯ ಹೊದಿಕೆಯ ಇದೇ ಕಟ್ಟಳೆಯನ್ನು ಚರ್ಚಿಸಿದ್ದಾರೆ. ತಲೆದಿಂಬನ್ನು ಒತ್ತೆ ಇಟ್ಟುಕೊಂಡಿದ್ದರೆ ರಾತ್ರಿಗೆ ಹಿಂದಿರುಗಿಸು, ನೇಗಿಲಾಗಿದ್ದರೆ ಹಗಲಿಗೆ ಹಿಂದಿರುಗಿಸು ಎಂಬ ನಿಲುವಿಗೆ ಅವರು ಬಂದರು. ಹೊದಿಕೆ ಎಂದರೆ ಬಟ್ಟೆ ಮಾತ್ರವಲ್ಲ, ಬಡವನು ಯಾವುದಿಲ್ಲದೆ ಆ ದಿನವನ್ನೋ ಆ ರಾತ್ರಿಯನ್ನೋ ಕಳೆಯಲಾರನೋ ಅದು ಎಂದು ಅವರು ಗ್ರಹಿಸಿದರು. ಹಳೆಯ ವಾಕ್ಯಕ್ಕೆ ಹೊಸ ಅರ್ಥ ಹುಡುಕುವುದೆಂದರೆ ಇದು. ನಾವು ಹುಡುಕುವ ‘ಇಂದಿನ ಅರ್ಥ’ ಬಹುಮಟ್ಟಿಗೆ ಮನಸ್ಸಿನ ನೆಮ್ಮದಿಗೆ ಸಂಬಂಧಿಸಿದ್ದು: ಕೆಂಪು ಸಮುದ್ರ ಎಂದರೆ ನಮ್ಮ ಕಷ್ಟಗಳು, ಫರೋಹನೆಂದರೆ ನಮ್ಮ ಅಹಂಕಾರ. ಸಂಬಳ ಕೊಡದ ಧಣಿ ಆ ಪ್ರಬೋಧನೆಯನ್ನು ತಲೆದೂಗುತ್ತ ಕೇಳಬಹುದು.

2025ರ ಜನವರಿಯಲ್ಲಿ ನಮ್ಮ ರಾಜ್ಯದ ಪತ್ರಿಕೆಗಳು ಏನನ್ನು ಬರೆಯುತ್ತಿದ್ದವೆಂಬುದನ್ನು ಓದುಗರು ಮರೆತಿರಲಾರರು. ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಅಂಜಿ ಚಾಮರಾಜನಗರ ಜಿಲ್ಲೆಯಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ, ರಾಜ್ಯದ ಬೇರೆ ಬೇರೆ ಕಡೆಗಳಿಂದ ಆತ್ಮಹತ್ಯೆಗಳ ಸುದ್ದಿ. ಬಲವಂತದ ವಸೂಲಿಯನ್ನು ತಡೆಯಲು ಸರ್ಕಾರ ಸುಗ್ರೀವಾಜ್ಞೆಯನ್ನು ಸಿದ್ಧಪಡಿಸಿತು. ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, ಫೆಬ್ರವರಿ 12ರಂದು ಅಂಕಿತ ಹಾಕಿದರು. ಹತ್ತು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ. ಸರಿಯಾಗಿ ಹತ್ತು ದಿನಗಳ ನಂತರ, ಫೆಬ್ರವರಿ 22ರ ಸಬ್ಬತ್ತಿನಂದು, ಲೋಕದ ಸಿನಗಾಗುಗಳಲ್ಲಿ ಓದಲಾದ ವಾರದ ಭಾಗ ‘ಮಿಷ್ಪಾಟಿಮ್’, ಎಂದರೆ ನ್ಯಾಯವಿಧಿಗಳು. ಒತ್ತೆಯ ಹೊದಿಕೆಯ ಕಟ್ಟಳೆ ಇರುವುದು ಅದರಲ್ಲೇ. ಇದು ಕಾಕತಾಳೀಯವೆಂದು ನನಗೂ ಗೊತ್ತು. ಆದರೆ ಶಾಸನಸಭೆ, ಪತ್ರಿಕೆ, ರೈತಸಂಘಗಳೆಲ್ಲ ಮಾತನಾಡುತ್ತಿದ್ದ ವಿಷಯದ ಬಗ್ಗೆ ಮೂರು ಸಾವಿರ ವರ್ಷಗಳ ಗ್ರಂಥವೊಂದು ನಮ್ಮ ಕೈಯಲ್ಲಿದ್ದೂ, ನಾನು ಆ ತಿಂಗಳುಗಳಲ್ಲಿ ಕೇಳಿದ ಒಂದು ಪ್ರಬೋಧನೆಯೂ ಅದನ್ನು ತೆರೆಯಲಿಲ್ಲ.

ತೆರೆದಿದ್ದರೆ ಏನು ಸಿಗುತ್ತಿತ್ತು? ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ಸಾಲಗಾರನ ಮನೆಯೊಳಕ್ಕೆ ನುಗ್ಗಿ ಒತ್ತೆಯನ್ನು ಆರಿಸಿಕೊಳ್ಳುವ ಹಕ್ಕು ಸಾಲ ಕೊಟ್ಟವನಿಗಿಲ್ಲ. ಅವನು ಹೊರಗೆ ನಿಲ್ಲಬೇಕು. ಸಾಲ ಪಡೆದವನೇ ಒಳಗಿನಿಂದ ತಂದುಕೊಡಬೇಕು. ಬಡವನ ಹೊಸಿಲಿಗೆ ಇಷ್ಟು ಮರ್ಯಾದೆ ಕೊಟ್ಟ ಕಾನೂನು ಜಗತ್ತಿನಲ್ಲಿ ಎಷ್ಟಿವೆಯೋ ಕಾಣೆ. ಜಗಲಿಯ ಮೇಲೆ ಮಧ್ಯಾಹ್ನವೆಲ್ಲ ಕುಳಿತವರನ್ನು ನೆನೆದುಕೊಳ್ಳಿ. ಅದೇ ಅಧ್ಯಾಯ ಬೀಸುವ ಕಲ್ಲನ್ನು ಒತ್ತೆಯಾಗಿ ಮುಟ್ಟಬಾರದೆನ್ನುತ್ತದೆ. ಅದನ್ನು ಕಿತ್ತುಕೊಳ್ಳುವುದೆಂದರೆ ಜೀವವನ್ನೇ ಒತ್ತೆ ಹಿಡಿದಂತೆ. ಹೊಲಿಗೆ ಯಂತ್ರ ನಮ್ಮ ಕಾಲದ ಬೀಸುವ ಕಲ್ಲು. ಕೂಲಿಯನ್ನು ಸಂಜೆಯೊಳಗೆ ಕೊಡಬೇಕೆಂಬುದೂ ಅಲ್ಲಿಯದೇ. ತೆಂಗಿನಕಾಯಿ ಸುಲಿಯುವವನ ಕೂಲಿಯನ್ನು ಸಂತೆಯ ದಿನಕ್ಕೆ ತಳ್ಳುವ ತೋಟದವರಲ್ಲಿ ನಮ್ಮವರೂ ಇದ್ದಾರೆ. ಅಷ್ಟನ್ನು ಹೇಳಿ ನಿಲ್ಲಿಸುತ್ತೇನೆ.

ಇದೇ ಗ್ರಂಥದ 28ನೆಯ ಅಧ್ಯಾಯವಾದರೋ ನಮ್ಮಲ್ಲಿ ಜನಪ್ರಿಯ. ಧ್ಯಾನಕೂಟಗಳಲ್ಲಿ ಕೈಯೆತ್ತಿ, ಊರಲ್ಲೂ ಹೊಲದಲ್ಲೂ ನಮಗೆ ಆಶೀರ್ವಾದವೆಂದು ಅದನ್ನು ಹಕ್ಕಿನಿಂದ ಕೇಳಿಕೊಳ್ಳುತ್ತೇವೆ. ನಾಲ್ಕು ಅಧ್ಯಾಯ ಹಿಂದಕ್ಕೆ ಹಾಳೆ ತಿರುವುವ ಕಷ್ಟವನ್ನು ತೆಗೆದುಕೊಳ್ಳುವುದಿಲ್ಲ. ಆಶೀರ್ವಾದಕ್ಕೆ ಹಚ್ಚಿದ ಷರತ್ತೇ ಆ ಹಾಳೆಗಳಲ್ಲಿದೆ.

ಧರ್ಮಶಾಸ್ತ್ರ ಕ್ರಿಸ್ತರಲ್ಲಿ ನೆರವೇರಿತಲ್ಲವೇ, ಮತ್ತೇಕೆ ಈ ಕಟ್ಟಳೆಗಳು ಎಂದು ಕೇಳುವವರಿದ್ದಾರೆ. ನೆರವೇರಿತು ಎಂದರೆ ರದ್ದಾಯಿತು ಎಂದಲ್ಲವೆಂಬುದನ್ನು ಪರ್ವತ ಪ್ರಬೋಧನೆಯಲ್ಲಿ ಯೇಸುಸ್ವಾಮಿಯೇ ಸ್ಪಷ್ಟಪಡಿಸಿದ್ದಾರೆ. ಆ ಭಾನುವಾರದ ಶುಭಸಂದೇಶವನ್ನೇ ತೆಗೆದುಕೊಳ್ಳಿ. ಅವರು ಕೊಟ್ಟ ಎರಡು ಆಜ್ಞೆಗಳಲ್ಲಿ ಒಂದು ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದ್ದು, ಇನ್ನೊಂದು ಯಾಜಕಕಾಂಡದ ಹತ್ತೊಂಬತ್ತನೆಯದು. ನೆರೆಯವನ ಪ್ರೀತಿಯನ್ನು ಹೇಳುವ ಆ ಹತ್ತೊಂಬತ್ತನೆಯ ಅಧ್ಯಾಯವೇ ಹೊಲದ ಅಂಚಿನ ತೆನೆಯನ್ನು ಬಡವರಿಗೆ ಬಿಡಲು, ಕೂಲಿಯನ್ನು ಬೆಳಗಿನವರೆಗೆ ತಡೆಹಿಡಿಯದಿರಲು, ತಕ್ಕಡಿ ಬಟ್ಟುಗಳು ನ್ಯಾಯವಾಗಿರಲು ವಿಧಿಸುತ್ತದೆ. ಪ್ರೀತಿಯ ವಿವರಣೆ ಅಲ್ಲೇ ಇದೆ. ವಿವರಣೆಯನ್ನು ಕಿತ್ತುಹಾಕಿ ಪದವನ್ನು ಮಾತ್ರ ಉಳಿಸಿಕೊಂಡರೆ ಪ್ರೀತಿ ಹಾಡಿನ ಪಲ್ಲವಿಯಾಗುತ್ತದೆ.

ಇಲ್ಲಿ ತೊಡಕುಗಳಿಲ್ಲವೆಂದು ನಾನು ಹೇಳಲಾರೆ. ಒತ್ತೆಯ ಹೊದಿಕೆಯನ್ನು ಹಿಂದಿರುಗಿಸೆನ್ನುವ ಗ್ರಂಥವೇ ಹಿಂದಿನ ಅಧ್ಯಾಯದಲ್ಲಿ ಗುಲಾಮರನ್ನು ಇಟ್ಟುಕೊಳ್ಳಲು ನಿಯಮ ಹೇಳುತ್ತದೆ. ಸ್ವಜನರಿಂದ ಬಡ್ಡಿ ಬೇಡ, ಪರಕೀಯರಿಂದ ಪಡೆಯಬಹುದು ಎಂಬ ಮಾತು ಧರ್ಮೋಪದೇಶಕಾಂಡದಲ್ಲಿದೆ. ಅದನ್ನು ಓದುವಾಗ ನನಗೂ ಮುಜುಗರವಾಗುತ್ತದೆ. ಸಾಲ ಕೊಡುವವರೆಲ್ಲ ದುರುಳರೂ ಅಲ್ಲ. ಬ್ಯಾಂಕಿನ ಬಾಗಿಲು ತೆರೆಯದ ಹೆಂಗಸರಿಗೆ ಸಂಘದ ಸಾಲವೇ ಹಸುವನ್ನೂ ಅಂಗಡಿಯನ್ನೂ ಕೊಟ್ಟದ್ದುಂಟು. ತೋರಾ ಸಾಲವನ್ನು ನಿಷೇಧಿಸುವುದಿಲ್ಲ; ಕೈ ಬಿಗಿ ಹಿಡಿಯದೆ ಬಡವನಿಗೆ ಸಾಲ ಕೊಡು ಎಂದೇ ಹೇಳುತ್ತದೆ. ಅದು ಕೇಳುವುದು ವಸೂಲಿಗೊಂದು ಎಲ್ಲೆಯನ್ನು. ತೊಡಕಿನ ಭಾಗಗಳೊಂದಿಗೆ ಸೆಣಸುವುದು ಪ್ರಬೋಧಕನ ಕೆಲಸ. ತೊಡಕಿದೆಯೆಂದು ಸುಲಭವಾದ, ಸ್ಪಷ್ಟವಾದ ಕಟ್ಟಳೆಯನ್ನೂ ಬಿಟ್ಟುಬಿಡುವುದು ಸೋಮಾರಿತನ.

ನಮ್ಮೂರಿನಿಂದ ಬೇಲೂರು, ಹಳೇಬೀಡು ದೂರವಲ್ಲ. ಮಕ್ಕಳನ್ನು ಪ್ರವಾಸ ಕರೆದೊಯ್ದಾಗಲೆಲ್ಲ ನಾನು ಕಂಡದ್ದಿದು: ಮದನಿಕೆಯರ ಮುಂದೆ ಗುಂಪು, ಶಾಸನದ ಕಲ್ಲಿನ ಮುಂದೆ ಯಾರೂ ಇಲ್ಲ. ಆ ಕಲ್ಲುಗಳಲ್ಲಿ ಇರುವುದು ದತ್ತಿ ಕೊಟ್ಟ ಭೂಮಿಯ ಎಲ್ಲೆ, ಗದ್ದೆಯ ಅಳತೆ, ತೆರಿಗೆಯ ವಿವರ. ಆ ಶಿಲ್ಪವೈಭವವನ್ನು ಹೊತ್ತು ನಿಂತ ಬದುಕು. ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ಪ್ರಕಟಿಸದೆ ಹೋಗಿದ್ದರೆ ನಮಗೆ ಹೊಯ್ಸಳರು ಬರಿಯ ಶಿಲ್ಪಿಗಳಾಗಿಯೇ ಉಳಿಯುತ್ತಿದ್ದರೇನೋ. ಬೈಬಲ್ಲಿನಲ್ಲೂ ನಾವು ಅಬ್ರಹಾಮನ ಬಲಿ, ಇಬ್ಭಾಗವಾದ ಕಡಲುಗಳ ಮುಂದೆ ಬೆರಗಾಗಿ ನಿಂತು, ಶಾಸನವನ್ನು ಓದದೆ ಹೊರಬರುವ ಪ್ರವಾಸಿಗಳು.

ಮೂರು ವರ್ಷಗಳ ಚಕ್ರದಲ್ಲಿ ಆ ವಾಚನ ಮತ್ತೆ ಬರುವುದು 2026ರ ಅಕ್ಟೋಬರ್ 25ರ ಭಾನುವಾರ. ನಮ್ಮ ಗುರುಗಳಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಆ ಭಾನುವಾರ ಮೊದಲನೆಯ ವಾಚನದ ಮೇಲೆ ಪ್ರಬೋಧಿಸಿ, ಹತ್ತೇ ನಿಮಿಷ ಸಾಕು. ಪೂಜೆಯ ನಂತರ ವಾರದ ಕಂತು ಕಟ್ಟುವ ತಾಯಂದಿರನ್ನು ಚರ್ಚಿನ ಅಂಗಳದಲ್ಲಿ ಕೂರಿಸಿ, ಅವರ ಸಾಲದ ಪುಸ್ತಕಗಳನ್ನು ಓದಬಲ್ಲ ಯುವಕರಿಬ್ಬರನ್ನು ಜೊತೆಗಿಡಿ. ಕಂತು ಬರುವುದು ಸೋಮವಾರ ಬೆಳಿಗ್ಗೆ.