ಬಣ್ಣ ಅದರದು, ಆಸೆ ನಮ್ಮದು

ಕಳೆದ ಈದ್‌ಗೆ ಬಂದ ಈದಿ ದುಡ್ಡನ್ನು ಖರ್ಚು ಮಾಡದೆ ಇಟ್ಟಿದ್ದೇನೆ. ಮೊಬೈಲ್‌ನಲ್ಲಿ ಪ್ಯಾಂಥರ್ ಊಸರವಳ್ಳಿಯ ವಿಡಿಯೊ ನೋಡಿ, ಒಂದನ್ನು ಸಾಕಬೇಕೆಂಬ ಹುಚ್ಚು ಹಿಡಿದಿತ್ತು. ನೀಲಿ, ಹಸಿರು, ಕೆಂಪು, ಎಲ್ಲವೂ ಒಂದೇ ಮೈಮೇಲೆ! ದಾದಿಗೆ ತೋರಿಸಿದರೆ, “ಗಿರ್ಗಿಟ್ ಕೈಕು ಬೇಟಾ?” ಎಂದು ನಕ್ಕರು. ಮಾತು ಬದಲಿಸುವವರನ್ನು ಮನೆಯ ಉರ್ದುವಿನಲ್ಲಿ ಗಿರ್ಗಿಟ್ ಎನ್ನುತ್ತೇವೆ, ಕನ್ನಡದಲ್ಲಿ ಗೋಸುಂಬೆ. ಎರಡೂ ಭಾಷೆಗಳು ಆ ಬಡಪಾಯಿಗೆ ಕೆಟ್ಟ ಹೆಸರನ್ನೇ ಕೊಟ್ಟಿವೆ.

ಕೊಳ್ಳುವ ಮೊದಲು ಅದರ ಬಗ್ಗೆ ಓದಿದೆ. ಇದು ಮಡಗಾಸ್ಕರ್ ದ್ವೀಪದ ಪ್ರಾಣಿ. ಅದು ಬಣ್ಣ ಬದಲಿಸುವುದು ಮೋಸಕ್ಕಲ್ಲ. ಚರ್ಮದೊಳಗಿನ ಸೂಕ್ಷ್ಮ ಹರಳುಗಳ ನಡುವಿನ ಅಂತರ ಹೆಚ್ಚುಕಡಿಮೆಯಾದಾಗ ಬಣ್ಣ ಬದಲಾಗುತ್ತದೆ ಎಂದು 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದೇ ಜಾತಿಯನ್ನು ಪರೀಕ್ಷಿಸಿ ತೋರಿಸಿದರು. ಎದುರಾಳಿ ಗಂಡನ್ನು ಕಂಡಾಗ ಅದು ಕೆರಳಿ ಹೊಳೆಯುತ್ತದೆ. ಅಂದರೆ ನಾವು ಚೆಂದವೆಂದು ಲೈಕ್ ಒತ್ತುವ ಬಣ್ಣ ಅದರ ಸಿಟ್ಟೂ ಆಗಿರಬಹುದು.

ಕಾಮರ್ಸ್ ವಿದ್ಯಾರ್ಥಿಯಲ್ಲವೇ, ಲೆಕ್ಕವನ್ನೂ ಹಾಕಿದೆ. ಖರೀದಿ ಬೆಲೆ ಒಂದು ಸಲದ್ದು. ಆಮೇಲೆ ಬಿಸಿ ಕೊಡುವ ದೀಪ, ಯುವಿ ದೀಪ, ಜೀವಂತ ಹುಳುಗಳು. ಬಟ್ಟಲಿನ ನೀರನ್ನು ಅದು ಸಾಮಾನ್ಯವಾಗಿ ಕುಡಿಯುವುದಿಲ್ಲ; ಎಲೆಗಳ ಮೇಲೆ ಹನಿ ಬೀಳಿಸಬೇಕು. ಪದೇ ಪದೇ ಕೈಯಲ್ಲಿ ಹಿಡಿದರೆ ಅದಕ್ಕೆ ಹಿಂಸೆ. ಪರೀಕ್ಷೆ ಬಂದರೆ ಈ ಕೆಲಸವೆಲ್ಲ ಅಮ್ಮಿಯ ತಲೆಗೆ.

ಆನ್‌ಲೈನ್‌ನಲ್ಲಿ ಮಾರುವವನೊಬ್ಬನ ಬಳಿ ಕಾಗದಪತ್ರ ಕೇಳಿದೆ. “ಅದೆಲ್ಲ ಯಾಕೆ, ಬಸ್ಸಲ್ಲಿ ಕಳಿಸ್ತೀನಿ” ಎಂದ. ಅಲ್ಲಿಗೆ ನನ್ನ ಹುಚ್ಚು ಇಳಿಯಿತು. ಈ ಜಾತಿಯ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ನಮ್ಮ ದೇಶದಲ್ಲಿ 2024ರ ನಿಯಮದಂತೆ, ಇಂಥ ಪ್ರಾಣಿ ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

“ಫಾರಂನಲ್ಲಿ ಹುಟ್ಟಿದ್ದಾದರೆ ತಪ್ಪೇನು?” ಎಂದು ಗೆಳೆಯ ಕೇಳಿದ. ಕಾಗದ ಸರಿಯಿದ್ದು, ಆರೈಕೆ ಗೊತ್ತಿರುವವರು ಸಾಕಲಿ. ಆದರೆ ಕಾಗದವಿಲ್ಲದೆ ಕೊಂಡರೆ ಅದು ಫಾರಂನದೋ ಕಾಡಿನದೋ ಹೇಳುವವರು ಯಾರು? ಬೇಡಿಕೆ ಇದ್ದಲ್ಲಿ ಪೂರೈಕೆ ಬರುತ್ತದೆ ಎಂದು ಕ್ಲಾಸಿನಲ್ಲಿ ನಾವೇ ಓದುತ್ತೇವೆ. ಆ ಬೇಡಿಕೆ ನನ್ನದಾಗುವುದು ಬೇಡ.

ನಮ್ಮ ನಾಡಿನಲ್ಲೂ ಹಸಿರು ಊಸರವಳ್ಳಿ ಇದೆ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ, ಹಿಡಿದು ಸಾಕುವಂತಿಲ್ಲ. ಬೇಲಿಯ ಮೇಲೆ ಕಂಡರೆ ಕಲ್ಲೆತ್ತಬೇಡಿ, ನಿಂತು ನೋಡಿ. ಅದಕ್ಕೆ ಈದಿ ದುಡ್ಡೂ ಬೇಡ.